ಕರಪತ್ರದಲ್ಲಿ ಬಿಟ್ಟುಹೋದ ಹೆಸರುಗಳು: ನಮ್ಮ ಗಜನಿ ನಾಟಕ ಮಾಡಿದವರು ಯಾರು?

ರಂಗದ ಹಿಂದಿನವ, ಶಿರಸಿ

ಎಲ್ಲರಿಗೂ ನಮಸ್ಕಾರ. ನಾವು ಹನ್ನೊಂದು ಜನ ಸೇರಿ ಶಿರಸಿಯಲ್ಲಿ ಒಂದು ಸಣ್ಣ ನಾಟಕ ತಂಡ ಕಟ್ಟಿದ್ದೇವೆ. ಮೊದಲ ನಾಟಕ, ಕುಮಟಾ ಕಡೆಯ ಗಜನಿ ಗದ್ದೆಯ ಕಥೆ, ಶಿರಸಿಯಲ್ಲಿ ಒಂದು ಸಲ, ಕುಮಟಾದಲ್ಲಿ ಒಂದು ಸಲ ಆಯಿತು. ಮುಂದಿನದು ಕಾರವಾರದಲ್ಲಿ. ನೋಡಿದವರು ಇಲ್ಲಿ ಸುಮಾರು ಜನ ಇದ್ದೀರಿ. ನಟರ ಬಗ್ಗೆ ಒಳ್ಳೆ ಮಾತು ಬರೆದಿದ್ದೀರಿ. ಖುಷಿಯಾಯಿತು. ಆದರೆ ಒಂದು ವಿಷಯ ನನ್ನನ್ನು ಬಿಡದೆ ಚುಚ್ಚುತ್ತಿದೆ.

ಕರಪತ್ರ ಮಾಡಿದ್ದು ನಾನು. ಜಾಗ ಸಾಲುವುದಿಲ್ಲ ಅಂತ ನಟರ ಹೆಸರು, ನಿರ್ದೇಶಕರ ಹೆಸರು ಹಾಕಿದೆ. ಕೆಳಗೆ ‘ಮತ್ತು ಸಹಕರಿಸಿದ ಎಲ್ಲರೂ’ ಅಂತ ಒಂದು ಸಾಲು ಬರೆದು ಪ್ರೆಸ್ಸಿಗೆ ಕೊಟ್ಟೆ. ಕುಮಟಾದ ಪ್ರದರ್ಶನ ಮುಗಿದು ಸಾಮಾನು ಗಾಡಿಗೆ ತುಂಬುತ್ತಿದ್ದೆವು. ಬೆಳಕು ಮಾಡಿದವಳು ಒಂದು ಕರಪತ್ರ ಮಡಿಸಿ ಚೀಲಕ್ಕೆ ಹಾಕಿಕೊಂಡಳು. ‘ಅಮ್ಮಂಗೆ ತೋರಿಸ್ಬೇಕು’ ಅಂದಳು. ಅದರಲ್ಲಿ ಅವಳ ಹೆಸರೇ ಇರಲಿಲ್ಲ. ದೇವಿಮನೆ ಘಟ್ಟ ಹತ್ತಿ ಮುಗಿಯುವ ತನಕ ನಾನು ಯಾರ ಹತ್ತಿರವೂ ಮಾತಾಡಲಿಲ್ಲ.

ನಮ್ಮ ಕಡೆ ಯಕ್ಷಗಾನದ ಕರಪತ್ರ ನೋಡಿ. ಮೊದಲು ಹಿಮ್ಮೇಳ. ಭಾಗವತರು, ಮದ್ದಳೆ, ಚಂಡೆ. ಆಮೇಲೆ ಮುಮ್ಮೇಳ, ಅಂದರೆ ಪಾತ್ರಧಾರಿಗಳು. ತಾಳಮದ್ದಳೆಗೂ ಹಾಗೇ ಬರೆಯುತ್ತಾರೆ. ಆಟದಲ್ಲಿ ಹಿಮ್ಮೇಳ ಕೂರುವುದು ಕೂಡ ರಂಗದ ಮೇಲೆಯೇ, ಎಲ್ಲರಿಗೂ ಕಾಣುವ ಹಾಗೆ. ಅಂಥ ಕರಪತ್ರ ಓದುತ್ತಾ ಬೆಳೆದವ ನಾನು. ನಾಟಕ ಅಂದ ಕೂಡಲೇ ಅದು ಹೇಗೆ ಮರೆತುಹೋಯಿತೋ ಗೊತ್ತಿಲ್ಲ.

ಅದಕ್ಕೆ ಯಾರು ಏನು ಮಾಡಿದರು ಅಂತ ಇಲ್ಲಿ ಬರೆಯುತ್ತೇನೆ.

ಮೊದಲು ಕಥೆ, ನೋಡದವರಿಗಾಗಿ. ಅಘನಾಶಿನಿ ಹುಟ್ಟುವುದು ನಮ್ಮ ಶಿರಸಿಯ ಶಂಕರಹೊಂಡದಲ್ಲಿ. ಘಟ್ಟ ಇಳಿದು ಕುಮಟಾ ತಾಲೂಕಿನ ತದಡಿಯ ಹತ್ತಿರ ಸಮುದ್ರ ಸೇರುತ್ತದೆ. ಅಲ್ಲಿ ಅಳಿವೆಯ ಬದಿಯ ಗದ್ದೆಗಳಿಗೆ ಗಜನಿ ಅನ್ನುತ್ತಾರೆ. ಉಪ್ಪುನೀರು ತಾಳಿಕೊಳ್ಳುವ ಕಗ್ಗ ಭತ್ತ ಬೆಳೆಯುವುದು ಅಲ್ಲಿಯೇ. ಗದ್ದೆಗೂ ಹೊಳೆಗೂ ನಡುವೆ ಕಟ್ಟೆ. ಕಟ್ಟೆಯಲ್ಲಿ ಮರದ ಹಲಗೆಯ ಬಾಗಿಲು, ಅದೇ ಜಂತ್ರಡಿ. ಉಬ್ಬರ ಬಂದಾಗ ಹಾಕಬೇಕು, ಇಳಿತದಲ್ಲಿ ತೆಗೆದು ಮಳೆನೀರು ಹೊರಗೆ ಬಿಡಬೇಕು. ನಮ್ಮ ನಾಟಕದಲ್ಲಿ ಒಬ್ಬಳು ಅಜ್ಜಿ ಮೂರು ರಾತ್ರಿ ಜಂತ್ರಡಿ ಕಾಯುತ್ತಾಳೆ. ಮಗನಿಗೆ ಗದ್ದೆಯನ್ನು ಸಿಗಡಿ ಸಾಕುವವರಿಗೆ ಕೊಡುವ ಆಸೆ. ಕಥೆ ಇಷ್ಟೇ.

ಬರೆದವರು ಕುಮಟಾ ಕಡೆಯ ಒಬ್ಬ ಅಕ್ಕೋರು, ಶಾಲೆಯ ಟೀಚರ್. ಶಾಲೆ ಮುಗಿಸಿ, ಮನೆ ಕೆಲಸ ಮುಗಿಸಿ, ರಾತ್ರಿ ನೋಟ್‌ಬುಕ್ಕಿನಲ್ಲಿ ಬರೆದದ್ದು. ಮೊದಲ ಪ್ರತಿಯಲ್ಲಿ ಅಜ್ಜಿ ತುಂಬಾ ಮಾತಾಡುತ್ತಿದ್ದಳು. ನಿರ್ದೇಶಕ ಹೆಗ್ಗೋಡಿನ ನೀನಾಸಂನಲ್ಲಿ ಕಲಿತು ಬಂದವನು. ಅವನು ಒಂದೊಂದೇ ಮಾತು ತೆಗೆಯುತ್ತಾ ಹೋದ. ಅಕ್ಕೋರಿಗೆ ಮೊದಲು ಬೇಜಾರಾಯಿತು. ಆಮೇಲೆ ಅವರೇ ಒಂದು ದಿನ ಬಂದು ಎರಡನೇ ರಾತ್ರಿಯ ಮಾತನ್ನು ಪೂರ್ತಿ ಅಳಿಸಿದರು. ಈಗ ಆ ದೃಶ್ಯದಲ್ಲಿ ಮಾತೇ ಇಲ್ಲ. ಜನ ಅತ್ತದ್ದು ಅಲ್ಲಿಯೇ.

ರಂಗಸಜ್ಜಿಕೆ ಮಾಡಿದವರು ಬಡಗಿ. ನಾಟಕ ಅವರಿಗೆ ಹೊಸತು. ಕಟ್ಟೆ ಬೇಕು, ಆದರೆ ಒಂದೇ ಲಗೇಜ್ ಗಾಡಿಯಲ್ಲಿ ಹೋಗಬೇಕು ಅಂತ ಹೇಳಿದೆವು. ಅವರು ಅಡಕೆ ದಬ್ಬೆಯನ್ನು, ಅಂದರೆ ಅಡಕೆ ಮರದ ಸೀಳನ್ನು, ಹಗ್ಗದಲ್ಲಿ ಹೆಣೆದು, ಚಾಪೆಯ ಹಾಗೆ ಸುತ್ತಿ ಇಡಬಹುದಾದ ಕಟ್ಟೆ ಮಾಡಿಕೊಟ್ಟರು. ಬಿಡಿಸಿ ನಿಲ್ಲಿಸಲು ಹತ್ತು ನಿಮಿಷ ಸಾಕು. ನಟಿ ಮೇಲೆ ನಡೆದಾಗ ದಬ್ಬೆ ಕಿರ್ ಅನ್ನುತ್ತದೆ. ಆ ಸದ್ದನ್ನು ತೆಗೆಯೋಣವೇ ಅಂತ ಕೇಳಿದರು. ಬೇಡ, ಅದೇ ಬೇಕು ಅಂದೆವು.

ವೇಷಭೂಷಣದ ಅಕ್ಕ ಹೊಸ ಬಟ್ಟೆ ಒಂದನ್ನೂ ತರಲಿಲ್ಲ. ಮನೆಮನೆಯಿಂದ ಹಳೆ ಸೀರೆ ತಂದು, ಉಪ್ಪುನೀರಿನಲ್ಲಿ ನೆನೆಸಿ, ಬಿಸಿಲಿಗೆ ಹಾಕಿ, ಮತ್ತೆ ನೆನೆಸಿ, ಗಜನಿಯಲ್ಲಿ ದುಡಿದವರ ಬಟ್ಟೆಯ ಬಣ್ಣ ಬರುವ ತನಕ ಬಿಡಲಿಲ್ಲ. ನಮ್ಮ ಕರಾವಳಿಯ ಹಾಲಕ್ಕಿ ಸಮುದಾಯದ ಹೆಂಗಸರ ಮಣಿಸರಗಳನ್ನು ಹಾಕಿದರೆ ಚೆಂದ ಕಾಣುತ್ತದೆ ಅಂತ ನಾನೇ ಹೇಳಿದ್ದೆ. ಅವರು ಒಪ್ಪಲಿಲ್ಲ. ‘ಅದು ಅವರ ಮೈಮೇಲಿನ ದಿನದ ಉಡುಗೆ, ನಮ್ಮ ವೇಷದ ಸಾಮಾನಲ್ಲ’ ಅಂದರು. ಅವರು ಹೇಳಿದ್ದು ಸರಿ.

ಸಂಗೀತಕ್ಕೆ ಗುಮಟೆ ಒಂದೇ, ಮಣ್ಣಿನ ಮಡಕೆಗೆ ಚರ್ಮ ಕಟ್ಟಿದ ವಾದ್ಯ. ಬಾರಿಸಿದವನು ಅಂಕೋಲೆ ಕಡೆಯ ಹುಡುಗ. ಹಿಂದೆ ಗುಮಟೆಯ ಬಾಯಿಗೆ ಉಡದ ಚರ್ಮ ಕಟ್ಟುತ್ತಿದ್ದರು. 1972ರ ವನ್ಯಜೀವಿ ಕಾಯ್ದೆಯಿಂದ ಉಡಕ್ಕೆ ರಕ್ಷಣೆ ಇದೆ. ಇವನದು ಆಡಿನ ಚರ್ಮದ್ದು. ಮಳೆಗಾಲದ ತಾಲೀಮಿನಲ್ಲಿ ಚರ್ಮ ಮೆತ್ತಗಾಗಿ ದನಿ ಬೀಳುತ್ತಿತ್ತು. ಪ್ರತಿ ಸಲ ಒಲೆಯ ಹತ್ತಿರ ಹಿಡಿದು ಕಾಯಿಸಿ ತರುತ್ತಿದ್ದ.

ಬೆಳಕಿನವಳ ಬಗ್ಗೆ ನಾನು ಬರೆಯುವುದಿಲ್ಲ. ಅವಳೇ ಇಲ್ಲಿ ಇದ್ದಾಳೆ, ಬರೆಯಲಿ. ನನ್ನ ಕೋರಿಕೆ ಇಷ್ಟು. ಕಾರವಾರದ ಕರಪತ್ರವನ್ನು ಹೊಸದಾಗಿ ಮಾಡುತ್ತೇವೆ. ಹೇಗೆ ಮಾಡಬೇಕು, ಯಾರ ಹೆಸರು ಎಲ್ಲಿ ಬರಬೇಕು, ಹೇಳಿ.

ಕುಮಟಾದ ಪ್ರೇಕ್ಷಕಿ

ನಾನು ಕುಮಟಾದಲ್ಲಿ ನೋಡಿದೆ. ನಮ್ಮ ತವರುಮನೆಗೆ ಗಜನಿ ಇತ್ತು. ದಬ್ಬೆಯ ಕಟ್ಟೆ ನೋಡಿ ನನಗೆ ಅಪ್ಪನ ನೆನಪಾಯಿತು. ಆ ಬಡಗಿಯಣ್ಣನಿಗೆ ಹೇಳಿ.

ಆದರೆ ಒಂದು ತಪ್ಪು ಇದೆ. ಹೇಳದಿದ್ದರೆ ನನಗೆ ಸಮಾಧಾನ ಇಲ್ಲ. ಮೂರು ರಾತ್ರಿಯೂ ಕೋಳಿ ಕೂಗುವ ಹೊತ್ತಿಗೇ ಅಜ್ಜಿ ಎದ್ದು ಜಂತ್ರಡಿ ಹಾಕುತ್ತಾಳೆ. ಹಾಗೆ ಆಗುವುದಿಲ್ಲ. ಉಬ್ಬರ ದಿನಾ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಮೊದಲ ರಾತ್ರಿ ಎರಡು ಗಂಟೆಗೆ ಬಂದರೆ, ಎರಡನೇ ರಾತ್ರಿ ಹತ್ತಿರ ಹತ್ತಿರ ಮೂರು. ಮೂರನೇ ರಾತ್ರಿ ನಾಲ್ಕು ಗಂಟೆ ಸುಮಾರಿಗೆ. ಗಜನಿ ಕಾಯುವವರಿಗೆ ಇದು ಮೈಯಲ್ಲೇ ಇರುತ್ತದೆ. ಅಮಾವಾಸ್ಯೆ, ಹುಣ್ಣಿಮೆ ಹತ್ತಿರ ನೀರು ಜಾಸ್ತಿ. ಅವತ್ತು ನಿದ್ದೆಯೇ ಇಲ್ಲ.

ಇನ್ನೊಂದು, ಮಗನ ಪಾತ್ರದವರ ಮಾತು ಘಟ್ಟದ ಮೇಲಿನದು. ಕುಮಟಾದ ಮಾತಲ್ಲ. ಅಜ್ಜಿ ಪಾತ್ರದವರದು ಸರಿಯಾಗಿತ್ತು.

ಬೆಳಕು ಮಾಡಿದವಳು, ಸಿದ್ದಾಪುರ

ಅಕ್ಕಾ, ನೀವು ಹೇಳಿದ್ದು ಓದಿ ನಿನ್ನೆ ರಾತ್ರಿಯಿಂದ ಅದೇ ಯೋಚನೆ. ಮೂರೂ ರಾತ್ರಿಗೆ ನಾನು ಒಂದೇ ಬೆಳಕು ಇಟ್ಟಿದ್ದೆ. ಈಗ ಮೊದಲ ರಾತ್ರಿ ಪೂರ್ತಿ ಕತ್ತಲೆ, ಎರಡನೆಯದು ಇನ್ನೂ ಕತ್ತಲೆಯೇ, ಮೂರನೆಯದಕ್ಕೆ ಮೂಡಣದಲ್ಲಿ ಸ್ವಲ್ಪ ಬಿಳಿ. ಅಜ್ಜಿ ಕೊನೆಯ ಸಲ ಹಲಗೆ ಇಳಿಸುವಾಗ ಅವಳ ಮುಖ ಕಾಣುತ್ತದೆ. ಇದು ನಮ್ಮ ನಾಟಕಕ್ಕೆ ಬೇಕಾಗಿಯೇ ಇತ್ತು. ತುಂಬಾ ಥ್ಯಾಂಕ್ಸ್ ಅಕ್ಕಾ.

ನನ್ನ ಕೆಲಸದ ಬಗ್ಗೆ ಅಣ್ಣ ಬರೆ ಅಂದಿದ್ದಾನೆ, ಬರೆಯುತ್ತೇನೆ. ಮೊದಲು ನಾನು 1000 ವಾಟ್‌ನ ಎಂಟು ಪಾರ್ ಲೈಟ್ (ಹಳೆ ಬಲ್ಬಿನ ರಂಗದ ದೀಪ) ಬೇಕು ಅಂತ ಪಟ್ಟಿ ಮಾಡಿದ್ದೆ. ಎಲ್ಲ ಒಟ್ಟಿಗೆ ಹಚ್ಚಿದರೆ 8000 ವಾಟ್. 230 ವೋಲ್ಟಿನಲ್ಲಿ ಸುಮಾರು 35 ಆಂಪಿಯರ್. ನಮಗೆ ಸಿಕ್ಕ ಸಭಾಭವನದ ವೈರಿಂಗ್ ಅದನ್ನು ತಾಳುವುದಿಲ್ಲ. ಜನರೇಟರ್ ತಂದರೆ ಅದರ ಸದ್ದಿಗೆ ಗುಮಟೆ ಕೇಳುವುದಿಲ್ಲ. ಅದಕ್ಕೆ ಎಲ್‌ಇಡಿ ಹತ್ತು ತಂದೆವು. ನಮಗೆ ಸಿಕ್ಕಿದ್ದು ಒಂದಕ್ಕೆ 150 ವಾಟ್. ಹತ್ತು ಹಚ್ಚಿದರೂ 1500 ವಾಟ್, ಆರೂವರೆ ಆಂಪಿಯರ್ ಅಷ್ಟೇ.

ಆದರೆ ಎಲ್‌ಇಡಿಯಲ್ಲಿ ಲಾಟೀನಿನ ಬೆಳಕು ಬರುವುದಿಲ್ಲ. ಹಳೆ ಬಲ್ಬನ್ನು ಡಿಮ್ಮರಿನಲ್ಲಿ ಇಳಿಸಿದರೆ ಹಳದಿ ಕೆಂಪಿಗೆ ತಿರುಗುತ್ತಾ ಆರುತ್ತದೆ. ಎಲ್‌ಇಡಿಯ ಬಣ್ಣ ತಾನಾಗಿ ಹಾಗೆ ತಿರುಗುವುದಿಲ್ಲ. ಅದಕ್ಕೆ ಅಜ್ಜಿಯ ಲಾಟೀನಿಗೆ ಅಂತ ಹಳೆ ಪಾರ್ ಎರಡನ್ನು ಉಳಿಸಿಕೊಂಡೆ. ಅವುಗಳಿಗೆ ಬೇರೆ ಲೈನಿನಿಂದ ಕರೆಂಟ್ ತೆಗೆದೆ.

ನೀರಿನ ಬೆಳಕು ಹೇಗೆ ಮಾಡಿದ್ದು ಅಂತ ಕುಮಟಾದಲ್ಲಿ ಸುಮಾರು ಮಕ್ಕಳು ಬಂದು ಕೇಳಿದರು. ಅದು ಪರಾತ, ಅಗಲವಾದ ತಟ್ಟೆ. ಮನೆಯದೇ ದೊಡ್ಡ ಪರಾತ. ತಳಕ್ಕೆ ಒಡೆದ ಕನ್ನಡಿಯ ಚೂರು ಹಾಕಿ, ನೀರು ತುಂಬಿ, ಬದಿಯಿಂದ ಲೈಟ್ ಬಿಟ್ಟರೆ ಹಿಂದಿನ ಬಟ್ಟೆಯ ಮೇಲೆ ಅಲೆ ಕುಣಿಯುತ್ತದೆ. ಬೆರಳಿನಲ್ಲಿ ನೀರು ಮುಟ್ಟುತ್ತಾ ಇರಬೇಕು. ಉಬ್ಬರ ಬಂದ ಹಾಗೆ ಲೈಟನ್ನು ನಿಧಾನಕ್ಕೆ ತಿರುಗಿಸಿದರೆ ಅಲೆ ಮೇಲೇರುತ್ತದೆ. ಬೆರಳು ಮುಟ್ಟುತ್ತಾ ಕೂತಿದ್ದವಳು ನನ್ನ ತಂಗಿ, ಪಿಯುಸಿ ಓದುತ್ತಿದ್ದಾಳೆ. ಅವಳ ಹೆಸರೂ ಬರಬೇಕು. ಇಡೀ ನಾಟಕ ನೆಲದ ಮೇಲೆ ಕೂತಿದ್ದಳು.

ಹಳೆಯ ವೇಷಧಾರಿ, ಹೊನ್ನಾವರ

ಮಕ್ಕಳೇ, ಪ್ರೀತಿಯಿಂದಲೇ ಹೇಳುತ್ತೇನೆ. ಹೆಸರು ಜಾಸ್ತಿ ಆದರೆ ಒಂದನ್ನೂ ಯಾರೂ ಓದುವುದಿಲ್ಲ. ಜನ ನೆನಪಿಡುವುದು ಪಾತ್ರವನ್ನು. ನಾನು ಮೂವತ್ತು ವರ್ಷ ಬಣ್ಣ ಹಚ್ಚಿದೆ. ಮೇಳದಲ್ಲಿ ಗ್ಯಾಸ್‌ಲೈಟಿಗೆ ಗಾಳಿ ಹಾಕುವವನಿದ್ದ, ಪೆಟ್ಟಿಗೆ ಹೊರುವವರಿದ್ದರು, ಅಡುಗೆಯವರಿದ್ದರು. ಅವರ ಹೆಸರು ಯಾವ ಕರಪತ್ರದಲ್ಲಿಯೂ ಬರಲಿಲ್ಲ. ಅವರು ಕೇಳಲೂ ಇಲ್ಲ. ಕೆಲಸದ ಮೇಲೆ ಪ್ರೀತಿ ಇತ್ತು.

ಹಿಮ್ಮೇಳದ ಮಾತು ಬೇರೆ. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಇಡಗುಂಜಿ ಯಕ್ಷಗಾನ ಮೇಳ ಕಟ್ಟಿದ ಕಾಲದಿಂದ ಇವತ್ತಿನವರೆಗೆ ನೋಡಿ, ಭಾಗವತರು ಇಲ್ಲದೆ ಆಟವೇ ಇಲ್ಲ. ಆಟ ನಡೆಸುವವರೇ ಅವರು. ಅವರ ಹೆಸರು ಮೊದಲು ಬರುವುದು ನ್ಯಾಯ. ಬೆಳಕು, ಬಟ್ಟೆ, ಮರಗೆಲಸ ಅದಕ್ಕೆ ಸಮ ಆಗುತ್ತದೆಯೇ? ಯೋಚಿಸಿ.

ರಂಗದ ಹಿಂದಿನವ, ಶಿರಸಿ

ಹಿರಿಯರೇ, ನಿಮ್ಮ ಮಾತಿಗೆ ಗೌರವ ಇದೆ. ಆದರೆ ಒಪ್ಪಲು ಆಗುತ್ತಿಲ್ಲ. ಭಾಗವತರು ಆಟ ನಡೆಸುತ್ತಾರೆ, ನಿಜ. ನಮ್ಮ ನಾಟಕದ ಎರಡನೇ ರಾತ್ರಿಯಲ್ಲಿ ಮಾತಿಲ್ಲ, ಹಾಡಿಲ್ಲ. ಅಲ್ಲಿ ನಾಟಕ ನಡೆಸುವುದು ಆ ಬೆಳಕು ಮತ್ತು ದಬ್ಬೆಯ ಸದ್ದು. ಬೆಳಕು ಏರದಿದ್ದರೆ ಅಜ್ಜಿ ಏಳುವುದಿಲ್ಲ. ನಟಿ ಕಾಯುವುದು ಆ ಬೆಳಕಿಗೆ. ಭಾಗವತರು ಪದ ಎತ್ತುವುದಕ್ಕೆ ನೀವು ಪರದೆಯ ಹಿಂದೆ ಕಾದ ಹಾಗೆಯೇ ಅಲ್ವಾ?

ಗ್ಯಾಸ್‌ಲೈಟಿನವನು ಕೇಳಲಿಲ್ಲ ಅಂದಿರಿ. ಬೆಳಕಿನ ತಂಗಿಯೂ ಕೇಳಲಿಲ್ಲ. ಕರಪತ್ರ ಮಡಿಸಿ ಚೀಲಕ್ಕೆ ಹಾಕಿಕೊಂಡಳು, ಅಷ್ಟೇ. ನನಗೆ ನೋವಾದದ್ದು ಅದಕ್ಕೇ.

ನಿಮ್ಮ ಮೇಳದ ಆ ಗ್ಯಾಸ್‌ಲೈಟಿನವರ ಹೆಸರು ನಿಮಗೆ ನೆನಪಿದೆಯೇ?

ಹಳೆಯ ವೇಷಧಾರಿ, ಹೊನ್ನಾವರ

ನೆನಪಿದೆ. ಚೆನ್ನಾಗಿ ನೆನಪಿದೆ. ನನ್ನ ಮೊದಲ ದೊಡ್ಡ ವೇಷದ ದಿನ ಗಾಳಿಗೆ ಮ್ಯಾಂಟಲ್ ಉದುರಿ ರಂಗ ಪೂರ್ತಿ ಕತ್ತಲಾಯಿತು. ನಾನು ಹೆದರಿ ನಿಂತೆ. ಅವನು ಇನ್ನೊಂದು ಲೈಟನ್ನು ಕೈಯಲ್ಲೇ ಎತ್ತಿ ಹಿಡಿದು ರಂಗದ ಬದಿಯಲ್ಲಿ ನಿಂತ. ಬೆಳಗಾಗುವ ತನಕ ನಿಂತ. ಇದನ್ನು ಯಾರಿಗೂ ಹೇಳಿರಲಿಲ್ಲ.

ನೀನು ಕೇಳಿದ್ದು ಒಳ್ಳೆಯದಾಯಿತು ಮಾರಾಯಾ. ಆದರೂ ಕರಪತ್ರ ಉದ್ದ ಆಗದ ಹಾಗೆ ನೋಡಿಕೊಳ್ಳಿ.

ಮಾಸ್ತರು, ಯಲ್ಲಾಪುರ

ಒಂದು ಪ್ರಶ್ನೆ. ಹೆಸರಿನ ಬಗ್ಗೆ ಇಷ್ಟು ಬರೆದು, ಇಲ್ಲಿ ಒಬ್ಬರ ಹೆಸರನ್ನೂ ಹಾಕಿಲ್ಲವಲ್ಲ?

ರಂಗದ ಹಿಂದಿನವ, ಶಿರಸಿ

ಮಾಸ್ತರೇ, ಕೇಳಿದ್ದು ಸರಿ. ಎಲ್ಲರೂ ಊರಲ್ಲಿ ಬೇರೆ ಕೆಲಸ ಮಾಡುವವರು. ಅಂತರ್ಜಾಲದಲ್ಲಿ ಹೆಸರು ಹಾಕಬಹುದೇ ಅಂತ ಒಬ್ಬೊಬ್ಬರನ್ನೂ ಕೇಳಬೇಕು. ಇನ್ನೂ ಕೇಳಿಲ್ಲ. ಕರಪತ್ರಕ್ಕೆ ಎಲ್ಲರೂ ಒಪ್ಪಿದ್ದಾರೆ. ಅಲ್ಲಿ ಖಂಡಿತ ಇರುತ್ತದೆ.

ಮಾಸ್ತರು, ಯಲ್ಲಾಪುರ

ಸರಿ. ನಮ್ಮ ತಾಲೂಕಿನ ಮಾತು ಒಂದು ಹೇಳುತ್ತೇನೆ. 1980ರ ದಶಕದಲ್ಲಿ ಮಂಚೀಕೇರಿಯಲ್ಲಿ ನಿರ್ದೇಶಕ ಚಿದಂಬರರಾವ್ ಜಂಬೆಯವರು ಆಫ್ರಿಕಾ ಮೂಲದ ಸಿದ್ದಿ ಸಮುದಾಯದವರ ಜೊತೆ ನಾಟಕ ಮಾಡಿದ್ದರು. ರಂಗ ಶಿಬಿರಕ್ಕೆ ಹೋಗದವರು, ಹೊಲ ಕಾಡಿನಲ್ಲಿ ದುಡಿಯುವವರು ರಂಗಕ್ಕೆ ಬಂದರು. ನನಗೆ ಅದರಿಂದ ತಿಳಿದದ್ದು ಏನೆಂದರೆ, ನಾಟಕ ಗೊತ್ತಿಲ್ಲದವರು ಬಂದಾಗಲೇ ನಾಟಕಕ್ಕೆ ಹೊಸದು ಸೇರುತ್ತದೆ. ನಿಮ್ಮ ಬಡಗಿಯವರ ದಬ್ಬೆ ಕಟ್ಟೆ ಹಾಗೆಯೇ. ರಂಗಸಜ್ಜಿಕೆ ಕಲಿತವರಾಗಿದ್ದರೆ ಪ್ಲೈವುಡ್ ತರುತ್ತಿದ್ದರು.

ನಮ್ಮ ಶಾಲೆಗೂ ಬನ್ನಿ. ಸಭಾಭವನ ಇಲ್ಲ, ಅಂಗಳ ಇದೆ. ಮಕ್ಕಳು ಇನ್ನೂರು ಜನ.

ಬ್ಯಾಂಕಿನವ, ಕಾರವಾರ

ಕಾರವಾರದ ಪ್ರದರ್ಶನದ ಓಡಾಟ ನನ್ನದು. ನಮ್ಮೂರಲ್ಲಿ ನಾಟಕ ನೋಡುವವರು ಕಡಿಮೆ ಅಂತ ಕೆಲವರು ಹೇಳುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. 1880ರ ದಶಕದ ಆರಂಭದಲ್ಲಿ ರವೀಂದ್ರನಾಥ ಟಾಗೋರರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದರು. ಅವರ ಮನೆಗೆ ಬಂದಿದ್ದಾಗ ಟಾಗೋರರು ಇಲ್ಲಿಯೇ ಒಂದು ನಾಟಕ ಬರೆದರು. ಕಡಲತೀರಕ್ಕೆ ಅವರ ಹೆಸರು ಇಟ್ಟಿದ್ದೇವೆ. ಅಲ್ಲಿ ಸಂಜೆ ತಿರುಗಾಡುವವರನ್ನು ನಾಟಕಕ್ಕೆ ಕರೆತರುವುದು ನಮ್ಮ ಕೆಲಸ.

ಈಗ ಲೆಕ್ಕದ ಮಾತು. ಟಿಕೆಟ್ ಇಡಬೇಕೋ ಬೇಡವೋ? ಟಿಕೆಟ್ ಇಟ್ಟರೆ ಬರೆದ ಅಕ್ಕೋರಿಗೆ ಏನಾದರೂ ಕೊಡಬೇಕಲ್ಲ? ಕಾನೂನು ಏನು ಹೇಳುತ್ತದೆ? ಮತ್ತೆ, ಸಭಾಭವನದವರು ಲೈಟಿನ ಲೋಡ್ ಎಷ್ಟು ಅಂತ ಕೇಳಿದರು. ಬೆಳಕಿನ ತಂಗಿ ಬರೆದದ್ದನ್ನು ಹಾಗೆಯೇ ಪ್ರಿಂಟ್ ಮಾಡಿ ಕೊಟ್ಟೆ. ಅವರಿಗೆ ಖುಷಿಯಾಯಿತು.

ಕಾನೂನು ಓದುತ್ತಿರುವವಳು, ಅಂಕೋಲಾ

ಬ್ಯಾಂಕಿನಣ್ಣನಿಗೆ ಉತ್ತರ. ನಮ್ಮ ಕೃತಿಸ್ವಾಮ್ಯ ಕಾಯ್ದೆ 1957ರದು. ಅದರ 52ನೇ ಕಲಮಿನಲ್ಲಿ ಹವ್ಯಾಸಿ ತಂಡಗಳಿಗೆ ಒಂದು ವಿನಾಯಿತಿ ಇದೆ. ದುಡ್ಡು ಕೊಡದ ಪ್ರೇಕ್ಷಕರ ಮುಂದೆ ಆಡಿದರೆ, ಇಲ್ಲವೇ ಧಾರ್ಮಿಕ ಸಂಸ್ಥೆಯ ಸಹಾಯಕ್ಕೆ ಆಡಿದರೆ, ಅದು ಉಲ್ಲಂಘನೆ ಅಲ್ಲ. ಟಿಕೆಟ್ ಇಟ್ಟ ಕೂಡಲೇ ಬರೆದವರ ಒಪ್ಪಿಗೆ ಬೇಕು. ಬಾಯಿಮಾತು ಬೇಡ. ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿಸಿಕೊಳ್ಳಿ. ಒಂದು ಪ್ರದರ್ಶನಕ್ಕೆ ಎಷ್ಟು ಅಂತಲೂ ಬರೆಯಿರಿ. ಅಕ್ಕೋರು ಬೇಡ ಅನ್ನಬಹುದು. ಆದರೂ ಬರೆಯಿರಿ.

ಬರೆದವರ ಹಕ್ಕು ಅವರು ತೀರಿಕೊಂಡು 60 ವರ್ಷದ ತನಕ ಇರುತ್ತದೆ. ಆದ್ದರಿಂದ ಮುಂದೆ ಬೇರೆಯವರ ನಾಟಕ ತೆಗೆದುಕೊಂಡಾಗಲೂ ಇದು ನೆನಪಿರಲಿ. ತಾಲೀಮಿನಲ್ಲಿ ನಟರು ಸೇರಿಸಿದ ಮಾತು ಜಾಸ್ತಿ ಇದ್ದರೆ ‘ಬರೆದವರು ಯಾರು’ ಅನ್ನುವುದನ್ನು ಈಗಲೇ ಎಲ್ಲರೂ ಕೂತು ತೀರ್ಮಾನ ಮಾಡಿ. ಸ್ನೇಹ ಚೆನ್ನಾಗಿರುವಾಗಲೇ ಇದನ್ನು ಮಾಡಬೇಕು.

ಹೆಸರಿನ ಬಗ್ಗೆ ಹೇಳುವುದಾದರೆ, ತನ್ನ ಕೃತಿ ತನ್ನದು ಅಂತ ಹೇಳಿಕೊಳ್ಳುವ ಹಕ್ಕು ಬರೆದವರಿಗೆ ಇದೆ. 2012ರ ತಿದ್ದುಪಡಿಯಲ್ಲಿ ಹಾಡುವವರಿಗೆ, ಅಭಿನಯಿಸುವವರಿಗೂ ಅಂಥ ಹಕ್ಕು ಬಂತು.

ಇದನ್ನು ಬರೆಯುವಾಗ ನನಗೇ ಒಂದು ಪ್ರಶ್ನೆ ಬಂತು. ನಾಟಕದ ಕೊನೆಗೆ ರಂಗ ಪೂರ್ತಿ ಕತ್ತಲಾದ ಮೇಲೆ ಒಬ್ಬರು ಅಜ್ಜಿ ಹಾಡುವ ದನಿ ಬರುತ್ತದಲ್ಲ? ಅದು ರೆಕಾರ್ಡ್ ಮಾಡಿದ್ದು. ಯಾರ ದನಿ ಅದು? ಅಣ್ಣ ಬರೆದ ಮೇಲಿನ ಪಟ್ಟಿಯಲ್ಲಿ ಅವರು ಇಲ್ಲ.

ಕುಮಟಾದ ಪ್ರೇಕ್ಷಕಿ

ನಾನೂ ಅದನ್ನೇ ಕೇಳಬೇಕು ಅಂತ ಇದ್ದೆ. ಮನೆಗೆ ಬಂದ ಮೇಲೂ ಕಿವಿಯಲ್ಲಿ ಇದ್ದದ್ದು ಆ ದನಿ.

ರಂಗದ ಹಿಂದಿನವ, ಶಿರಸಿ

ಈ ಪ್ರಶ್ನೆ ಓದಿ ತುಂಬಾ ಹೊತ್ತು ಸುಮ್ಮನೆ ಕೂತಿದ್ದೆ.

ಅದು ಅಂಕೋಲೆ ಕಡೆಯ ಹಾಲಕ್ಕಿ ಅಜ್ಜಿಯ ದನಿ. ಗುಮಟೆಯ ಹುಡುಗನ ಊರಿನ ಪಕ್ಕದ ಕೇರಿಯವರು. ಹಾಡು ಕಲಿಯಲು ಹೋಗಿದ್ದೆವು. ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡೆವು. ಅವರು ಪ್ರೀತಿಯಿಂದ ಹಾಡಿದರು, ಚಹಾ ಕೊಟ್ಟರು. ನಾಟಕಕ್ಕೆ ಅಂತ ಅವರಿಗೆ ಗೊತ್ತಿತ್ತು. ಆದರೆ ನಮ್ಮ ನಟಿಯರು ಎಷ್ಟು ಸಲ ಹಾಡಿದರೂ ಆ ದನಿ ಬರಲಿಲ್ಲ. ಕೊನೆಗೆ ರೆಕಾರ್ಡನ್ನೇ ಹಾಕಿಬಿಟ್ಟೆವು. ಮತ್ತೆ ಹೋಗಿ ಕೇಳಲಿಲ್ಲ. ಎರಡು ಪ್ರದರ್ಶನ ಆಯಿತು. ಅವರಿಗೆ ಹೇಳಲೂ ಇಲ್ಲ.

ಬಿಟ್ಟುಹೋದ ಹೆಸರುಗಳ ಬಗ್ಗೆ ಬರೆಯಲು ಕೂತವನು ನಾನು. ಬಡಗಿಯವರು ನೆನಪಾದರು, ವೇಷಭೂಷಣದ ಅಕ್ಕ ನೆನಪಾದರು. ದಿನಾ ಕಣ್ಣೆದುರು ಇದ್ದವರು ನೆನಪಾದರು. ಅಜ್ಜಿ ದೂರದಲ್ಲಿದ್ದರು, ಮರೆತುಹೋದರು. ಇದು ನನ್ನ ತಪ್ಪು. ನಿರ್ದೇಶಕನಿಗೆ ಫೋನ್ ಮಾಡಿದೆ. ನಾವಿಬ್ಬರೂ ಗುಮಟೆಯ ಹುಡುಗನೂ ಭಾನುವಾರ ಹೋಗುತ್ತಿದ್ದೇವೆ.

ಕಾನೂನು ಓದುತ್ತಿರುವವಳು, ಅಂಕೋಲಾ

ಹೋಗಿ ಅಣ್ಣಾ. ದನಿ ರೆಕಾರ್ಡ್ ಮಾಡಿ ರಂಗದಲ್ಲಿ ಬಳಸುವುದಕ್ಕೆ ಹಾಡಿದವರ ಒಪ್ಪಿಗೆ ಬೇಕೇ ಬೇಕು. ಜನಪದ ಹಾಡನ್ನು ಮೊದಲು ಕಟ್ಟಿದವರು ಯಾರು ಅಂತ ಹೇಳಲು ಆಗುವುದಿಲ್ಲ. ಹಾಡಿದವರು ಯಾರು ಅಂತ ನಿಮಗೆ ಗೊತ್ತಿದೆ. ಬೇಡ ಅಂದರೆ ತೆಗೆಯಲು ತಯಾರಿರಿ.

ನಮ್ಮ ಬಡಗೇರಿಯ ಸುಕ್ರಿ ಬೊಮ್ಮಗೌಡ ಅವರಿಗೆ 2017ರಲ್ಲಿ ಪದ್ಮಶ್ರೀ ಬಂದಾಗ ಹಾಲಕ್ಕಿ ಹಾಡಿನ ಹೆಸರು ದೇಶಕ್ಕೆಲ್ಲ ಗೊತ್ತಾಯಿತು. ಆದರೆ ಕೇರಿ ಕೇರಿಯಲ್ಲಿ ಇನ್ನೂ ಹಾಡುವ ಅಜ್ಜಿಯರು ಇದ್ದಾರೆ. ಅವರ ಹತ್ತಿರ ಮೊಬೈಲ್ ಹಿಡಿದುಕೊಂಡು ಹೋಗುವವರೂ ಬಹಳ. ತಿರುಗಿ ಹೋಗುವವರು ಕಡಿಮೆ.

ಹಳೆಯ ವೇಷಧಾರಿ, ಹೊನ್ನಾವರ

ಬರಿಗೈಯಲ್ಲಿ ಹೋಗಬೇಡಿ. ಎಲೆ ಅಡಕೆ, ಒಂದು ಸೀರೆ ತೆಗೆದುಕೊಂಡು ಹೋಗಿ. ಕೂರಿಸಿ ಕೇಳಿ, ನಿಂತು ಕೇಳಬೇಡಿ.

ಗುಮಟೆಯವ, ಅಂಕೋಲಾ

ನಾನು ಇಲ್ಲಿ ಬರೆಯುವುದು ಮೊದಲ ಸಲ. ಭಾನುವಾರ ಹೋಗಿ ಬಂದೆವು.

ಅಜ್ಜಿ ಅಂಗಳದಲ್ಲಿ ಮೀನಿನ ಬುಟ್ಟಿ ತೊಳೆಯುತ್ತಿದ್ದರು. ಅಣ್ಣ ವಿಷಯ ಹೇಳಿದ. ತಪ್ಪಾಯಿತು ಅಂದ. ಅವರು ಏನೂ ಅನ್ನಲಿಲ್ಲ. ಮೊದಲು ಕೇಳಿಸಿ ಅಂದರು. ಮೊಬೈಲಿಗೆ ಸಣ್ಣ ಸ್ಪೀಕರ್ ಹಾಕಿ ಕೇಳಿಸಿದೆವು. ಕಣ್ಣು ಮುಚ್ಚಿ ಕೇಳಿದರು. ನಿಂತ ಕೂಡಲೇ ‘ಮುಂದೆ?’ ಅಂದರು. ನಾಟಕದಲ್ಲಿ ನಾವು ಎರಡು ನುಡಿಗೆ ನಿಲ್ಲಿಸಿದ್ದೆವು. ಮುಂದೆ ಇಲ್ಲ ಅಂದೆವು. ಅವರಿಗೆ ಅದು ಸರಿ ಕಾಣಲಿಲ್ಲ. ಹಾಡನ್ನು ಅರ್ಧಕ್ಕೆ ಬಿಡಬಾರದು ಅಂದರು. ಬಳಸಿ, ಆದರೆ ಪೂರ್ತಿ ಹಾಕಿ. ಇಲ್ಲದಿದ್ದರೆ ಬೇಡ.

ಹೆಸರು ಬರೆಯುತ್ತೇವೆ ಅಂದಾಗ ಇನ್ನೊಂದು ಸಲ ಹಾಕಿ ಅಂದರು. ಈ ಸಲ ನಡುನಡುವೆ ಕೈ ಎತ್ತಿ ನಮ್ಮನ್ನು ಸುಮ್ಮನಿರಿಸಿ, ‘ಇದು ಯಾರು, ಗೊತ್ತಾಯಿತೇ?’ ಅಂತ ಕೇಳಿದರು. ಅವರ ದನಿಯ ಹಿಂದೆ ಬೇರೆ ದನಿಗಳಿವೆ. ಅವತ್ತು ಜಗಲಿಯಲ್ಲಿ ಕೂತಿದ್ದ ಹೆಂಗಸರು ಪ್ರತಿ ಸಾಲನ್ನೂ ಹಿಂದಿನಿಂದ ಎತ್ತಿ ಹಾಡಿದ್ದಾರೆ. ನಾನು ಆ ಹಾಡನ್ನು ತಾಲೀಮಿನಲ್ಲಿ ನೂರು ಸಲ ಕೇಳಿದ್ದೇನೆ. ಆ ನಾಲ್ಕು ದನಿ ನನ್ನ ಕಿವಿಗೆ ಬಿದ್ದಿರಲಿಲ್ಲ. ಅಜ್ಜಿ ಒಬ್ಬೊಬ್ಬರನ್ನೇ ದನಿಯಿಂದಲೇ ಗುರುತಿಸಿ ಹೆಸರು ಹೇಳಿದರು. ಒಬ್ಬರು ಈಗ ಮಗಳ ಮನೆಯಲ್ಲಿದ್ದಾರೆ. ಉಳಿದ ಮೂವರನ್ನು ಅಲ್ಲಿಗೇ ಕರೆಸಿದರು. ಐದು ಹೆಸರು ಬರೆದುಕೊಂಡೆವು. ಅಜ್ಜಿ ತನ್ನದನ್ನು ಕೊನೆಗೆ ಬರೆಸಿದರು.

ನಾಲ್ವರೂ ಕಾರವಾರಕ್ಕೆ ಬರುತ್ತಾರೆ. ಮಗಳ ಮನೆಯಲ್ಲಿರುವವರಿಗೆ ಫೋನ್ ಮಾಡಬೇಕು.

ಬ್ಯಾಂಕಿನವ, ಕಾರವಾರ

ಮುಂದಿನ ಸಾಲಿನಲ್ಲಿ ಐದು ಕುರ್ಚಿ ತೆಗೆದಿಟ್ಟೆ. ಅಂಕೋಲೆಯಿಂದ ಕರೆತರಲು ನನ್ನ ಓಮ್ನಿ ಕಳಿಸುತ್ತೇನೆ. ಕೊನೆ ಬಸ್ಸಿಗೆ ಅಂತ ಯಾರೂ ನಡುವೆ ಎದ್ದು ಹೋಗುವುದು ಬೇಡ.

ರಂಗದ ಹಿಂದಿನವ, ಶಿರಸಿ

ಕರಪತ್ರ ಹೀಗೆ ಮಾಡಿದ್ದೇನೆ, ನೋಡಿ ಹೇಳಿ. ಮೇಲೆ ‘ಹಿಮ್ಮೇಳ’ ಅಂತ ಬರೆದು ಅಂಕೋಲೆಯ ಐವರು, ಗುಮಟೆ, ಬೆಳಕು, ಪರಾತದ ನೀರು, ದಬ್ಬೆ ಕಟ್ಟೆ, ವೇಷಭೂಷಣ. ಕೆಳಗೆ ‘ಮುಮ್ಮೇಳ’ದಲ್ಲಿ ನಟರು. ಬರೆದವರು, ನಿರ್ದೇಶಕ ಕೊನೆಗೆ. ಉಬ್ಬರದ ಹೊತ್ತು ತಿದ್ದಿಕೊಟ್ಟ ಕುಮಟಾದ ಅಕ್ಕನ ಹೆಸರು ಹಾಕಬೇಕು ಅಂತ ಅಕ್ಕೋರು ಹಟ ಹಿಡಿದಿದ್ದಾರೆ. ಅಕ್ಕಾ, ಒಪ್ಪಿಗೆಯೇ? ಮಗನ ಪಾತ್ರದವನಿಗೆ ಮಾತು ಕಲಿಸಲು ಒಂದು ದಿನ ಬಂದರೆ ಇನ್ನೂ ಒಳ್ಳೆಯದು.

ಕುಮಟಾದ ಪ್ರೇಕ್ಷಕಿ

ಶನಿವಾರ ಬರುತ್ತೇನೆ. ಹೆಸರು ಸಣ್ಣಕ್ಷರದಲ್ಲಿ ಇರಲಿ.

ಬೆಳಕು ಮಾಡಿದವಳು, ಸಿದ್ದಾಪುರ

ಹಾಡು ಪೂರ್ತಿ ಎಷ್ಟು ಹೊತ್ತು? ಗುಮಟೆಯಣ್ಣ ನಾಲ್ಕು ನಿಮಿಷ ಅಂದ. ಅಷ್ಟು ಹೊತ್ತು ಬರೀ ಕತ್ತಲೆ ಇಟ್ಟರೆ ನಾಟಕ ಮುಗಿಯಿತು ಅಂತ ಜನ ಎದ್ದುಬಿಡುತ್ತಾರೆ. ಪರಾತದ ಅಲೆಯನ್ನು ಹಾಗೇ ಇಟ್ಟುಕೊಂಡು, ಹಿಂದಿನ ನಾಲ್ಕು ದನಿ ಸೇರಿದಾಗಲೆಲ್ಲ ಸ್ವಲ್ಪ ಸ್ವಲ್ಪ ಇಳಿಸುತ್ತಾ ಹೋಗುತ್ತೇನೆ. ಹಾಡು ಮುಗಿಯುವಾಗ ಇಳಿತ ಆಗಿರಬೇಕು. ಶನಿವಾರದ ತಾಲೀಮಿಗೆ ಪೂರ್ತಿ ಹಾಡು ತನ್ನಿ. ತಂಗಿಗೆ ಬೆರಳು ಎಲ್ಲಿ ನಿಲ್ಲಿಸಬೇಕು ಅಂತ ಹೇಳಿಕೊಡಬೇಕು.